ಗುರುವಾರದ ಕೋಣೆ

ಹನ್ನೊಂದು ತಿಂಗಳಿಗಿಂತ ಹೆಚ್ಚು ಕಾಲ ನಾನು ಯಾವ ಊರಿನಲ್ಲಿಯೂ ನಿಂತವನಲ್ಲ. ಆದ್ದರಿಂದ, ಹನ್ನೊಂದು ತಿಂಗಳಿಗಿಂತ ಹೆಚ್ಚು ಕಾಲ ಯಾವ ಬಾಡಿಗೆದಾರನೂ ಒಂದು ಮನೆಯಲ್ಲಿ ನಿಲ್ಲಕೂಡದೆಂಬ ಕಾಯಿದೆಯುಳ್ಳ ಊರೊಂದಿದೆಯೆಂದು ಕೇಳಿದಾಗ, ಅದು ನನಗಾಗಿಯೇ ಕಟ್ಟಿದ ಊರೆಂದು ತೀರ್ಮಾನಿಸಿ ಬಸ್ಸು ಹತ್ತಿದೆ. ನನ್ನ ಬಳಿ ಇದ್ದದ್ದು ಎರಡು ಚೀಲ. ಒಂದರಲ್ಲಿ ಹೊಲಿಗೆ ಯಂತ್ರ ರಿಪೇರಿ ಮಾಡುವ ಸಾಮಾನು: ತಿರುಪುಳಿ, ಎಣ್ಣೆಯ ಕುಪ್ಪಿ, ಸೂಜಿಗಳ ಪೊಟ್ಟಣ, ಹಳೆಯ ಬೆಲ್ಟುಗಳು. ಇನ್ನೊಂದರಲ್ಲಿ ಬಸ್ ನಿಲ್ದಾಣಗಳಲ್ಲಿ ತೂಕದ ಮೇಲೆ ಕೊಂಡ ಕಾದಂಬರಿಗಳು. ನಾನು ಕಲಿತ ವಿದ್ಯೆಯೆಲ್ಲ ಆ ಎರಡನೆಯ ಚೀಲದ್ದು. ಅವುಗಳಲ್ಲಿ ಅರ್ಧಕ್ಕೆ ಕೊನೆಯ ಹಾಳೆ ಇರಲಿಲ್ಲ. ಹಾಗೆ ಓದಿ ಬೆಳೆದವನಿಗೆ ಕೊನೆಯ ತನಕ ಒಂದೆಡೆ ಕುಳಿತುಕೊಳ್ಳುವ ಅಭ್ಯಾಸ ಎಲ್ಲಿಂದ ಬರಬೇಕು?

ಬಳೆಗಾರರ ಓಣಿಯ ದೇವೀರಮ್ಮನವರ ಮನೆಯ ಬಾಗಿಲಿಗೆ ಪುರಸಭೆಯ ತಗಡು ಹೊಡೆದಿತ್ತು. ಆ ತಗಡು ಇದ್ದ ಮನೆಗೆ ಮಾತ್ರ ಬಾಡಿಗೆಗೆ ಕೊಡುವ ಪರವಾನಗಿ. ದೇವೀರಮ್ಮನವರಿಗೆ ಐವತ್ತರ ಆಸುಪಾಸು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ಕೈಯಲ್ಲಿ ಮೊರ ಹಿಡಿದು, ನನ್ನನ್ನು ಪಾದದಿಂದ ತಲೆಯವರೆಗೆ ನೋಡಿದರು. ತಲೆಯವರೆಗೆ ನೋಡಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ಆರಡಿಗೆ ಎರಡೇ ಅಂಗುಲ ಕಡಿಮೆ.

"ಮುಂಭಾಗದ ಹಜಾರ ಕೊಡ್ತೀನಿ. ಹನ್ನೊಂದನೇ ತಿಂಗಳು ಮುಗಿದ ದಿನ ಬೆಳಿಗ್ಗೆ ಕಾಫಿ ಕುಡ್ದು ಹೊರಟುಬಿಡ್ಬೇಕು. ಒಂದು ಮಾತು ಮುಂಚೇನೇ ಹೇಳ್ಬಿಡ್ತೀನಪ್ಪ. ನಮ್ಮನೆ ಸ್ವಲ್ಪ ಬೇಗ ಮಾಯೆ ಹಚ್ಕೊಳ್ಳೋ ಮನೆ. ಗೋಡೆಗೆ ಒರಗಿಕೊಂಡು ಹಾಡುಗೀಡು ಹೇಳ್ಬೇಡಿ."

ಆ ಊರಿನಲ್ಲಿ ಎಮ್ಮೆ ಕರು ಹಾಕುವಂತೆ ಮನೆ ಕೋಣೆ ಹಾಕುತ್ತಿತ್ತು. ಒಬ್ಬ ಮನುಷ್ಯ ಒಂದು ಸೂರಿನ ಕೆಳಗೆ ಉಂಡು ಮಲಗಿದ ದಿನಗಳು ಒಂದು ವರ್ಷವಾದರೆ, ಅವನ ಪಾಲಿಗೆ ಗೋಡೆಯಿಂದ ಒಂದು ಕೋಣೆ ಹೊರಡುತ್ತಿತ್ತು. ಮೊದಲು ಹಸಿ ಸುಣ್ಣದ ವಾಸನೆ, ಆಮೇಲೆ ಹೊಸ್ತಿಲು, ಆಮೇಲೆ ಬಾಗಿಲುವಾಡದ ಎರಡು ತೋಳು, ಕಟ್ಟಕಡೆಗೆ ಮೇಲಿನ ಪಟ್ಟಿ. ಆ ಪಟ್ಟಿ ಕೋಣೆಯ ಒಡೆಯನ ತಲೆಯಿಂದ ಸರಿಯಾಗಿ ನಾಲ್ಕು ಬೆರಳು ಮೇಲೆ ನಿಲ್ಲುತ್ತಿತ್ತು. ಗಿಳಿಗೂಟ ಅವನ ಕೈಗೆ ಎಟಕುವಲ್ಲಿ, ಕಿಟಕಿ ಅವನ ಕಣ್ಣಿನ ಮಟ್ಟಕ್ಕೆ. ಬಡಗಿಯ ಕೈ ತಪ್ಪಿದ್ದುಂಟು, ಮನೆಯ ಅಳತೆ ತಪ್ಪಿದ್ದನ್ನು ಆ ಊರಿನಲ್ಲಿ ಕಂಡವರಿಲ್ಲ. ಒಡೆಯ ಊರು ಬಿಟ್ಟು ಹೋದರೆ ಕೋಣೆ ವರ್ಷವರ್ಷವೂ ಕಿರಿದಾಗಿ ಮುಚ್ಚಿಕೊಳ್ಳುತ್ತಿತ್ತು. ದೇವೀರಮ್ಮನವರ ಮಗಳು ಮದುವೆಯಾಗಿ ಹೋದಮೇಲೆ ಅವಳ ಕೋಣೆ ಒಂದು ಗೂಡಿನಷ್ಟಾಗಿ, ಈಗ ಅದರಲ್ಲಿ ಕುಂಕುಮದ ಭರಣಿ ಇತ್ತು. ಆದರೆ ತೀರಿಕೊಂಡವರ ಕೋಣೆ ಹಾಗಲ್ಲ. ಮನೆಯವರು ಗುಡಿಸುತ್ತಿರುವಷ್ಟು ಕಾಲ ಅದು ಉಳಿಯುತ್ತದೆ. ಅವರ ಗಂಡ ಮರಿಸಿದ್ದಪ್ಪನವರು ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ದಪ್ಪ ಮನುಷ್ಯರಾಗಿದ್ದ ಅವರ ಕೋಣೆಗೆ ಅಷ್ಟೇ ಅಗಲವಾದ ಬಾಗಿಲು. ದೇವೀರಮ್ಮನವರು ದಿನವೂ ಬೆಳಿಗ್ಗೆ ಕಾಫಿಗೆ ಮುಂಚೆ ಅದನ್ನು ಗುಡಿಸಿ, ಒಳಗೆ ಎರಡು ನಿಮಿಷ ಸುಮ್ಮನೆ ನಿಂತು ಬರುತ್ತಿದ್ದರು.

ಕಾಯಿದೆ ಹುಟ್ಟಿದ್ದು ಸುಮ್ಮನೆ ಅಲ್ಲ. ಹಿಂದೆ ಬಾಡಿಗೆದಾರರು ಮನಸ್ಸು ಬಂದಷ್ಟು ಕಾಲ ಇರುತ್ತಿದ್ದರಂತೆ. ಎದುರುಬದುರು ಮನೆಗಳ ಕೋಣೆಗಳು ಓಣಿಯೊಳಕ್ಕೆ ಬೆಳೆದು ಬೆಳೆದು, ಒಂದು ಮದುವೆಯ ದಿಬ್ಬಣ ನಡುವೆ ಸಿಕ್ಕಿಕೊಂಡು, ಮುಹೂರ್ತ ಮೀರುವ ಹೊತ್ತಿಗೆ ಹೆಣ್ಣಿನ ಕಡೆಯವರು ಗಂಡನ್ನು ಅಡುಗೆಮನೆಯ ಕಿಟಕಿಯಿಂದ ಒಳಗೆಳೆದುಕೊಳ್ಳಬೇಕಾಯಿತಂತೆ. ಅಂದಿನಿಂದ ವಾಸದ ಓಣಿಗಳಲ್ಲಿ ಬಾಡಿಗೆ ಹನ್ನೊಂದು ತಿಂಗಳಿಗೆ ಮಾತ್ರ. ಬಾಡಿಗೆದಾರನಿಗಾಗಿ ಮನೆ ಕೋಣೆ ಹಾಕಿತೆಂದರೆ ತಗಡು ಕಿತ್ತು, ಬಾಡಿಗೆದಾರನನ್ನು ಬಸ್ಸು ಹತ್ತಿಸಿ, ಆ ಕೋಣೆಗೆ ಕಲ್ಲಿಡುತ್ತಿದ್ದರು. ಕಲ್ಲಿಡುವುದೆಂದರೆ ಬಾಗಿಲಿಗೆ ಅಡ್ಡಲಾಗಿ ಚಪ್ಪಡಿ ಕಟ್ಟಿಬಿಡುವುದು. ಒಂದು ಕೋಣೆಗೆ ಕಲ್ಲು ಬಿದ್ದ ಮನೆ ಮುನಿಸಿಕೊಳ್ಳುತ್ತದೆ, ಉಳಿದ ಕೋಣೆಗಳನ್ನೂ ಒಂದೊಂದಾಗಿ ಒಳಗೆ ಸೆಳೆದುಕೊಳ್ಳುತ್ತದೆ. ಮೊದಲು ಹೋಗುವುದು ಸತ್ತವರ ಕೋಣೆ. ಇದು ಆ ಊರಿನ ಎಳೆಮಕ್ಕಳಿಗೂ ಗೊತ್ತಿತ್ತು.

ಈ ಎಲ್ಲದರ ಮೇಲೆ ಕಣ್ಣಿಡುವವರು ಪುರಸಭೆಯ ಅಳತೆ ಗುಮಾಸ್ತರಾದ ವೃಷಭೇಂದ್ರಪ್ಪನವರು. ಹೆಸರು ಎಷ್ಟು ಉದ್ದವೋ ಆಳು ಅಷ್ಟೇ ಗಿಡ್ಡ. ವಾರಕ್ಕೆ ಒಂದೊಂದು ದಿನ ಒಂದೊಂದು ಓಣಿ. ನಮ್ಮ ಓಣಿಗೆ ಗುರುವಾರ. ಬಿಸಿಲಿಗೆ ಗೋಡೆ ಹಿಗ್ಗುತ್ತದೆಯೆಂದು ಬೆಳಿಗ್ಗೆ ತಂಪಿನಲ್ಲಿ ಒಮ್ಮೆ, ಸಂಜೆ ಬಿಸಿಲು ಇಳಿದ ಮೇಲೆ ಒಮ್ಮೆ ಅಳೆಯಬೇಕು. ನಡುವೆ ಯಾರೂ ಗೋಡೆ ಮುಟ್ಟದಂತೆ ಓಣಿಯಲ್ಲಿಯೇ ಇರಬೇಕು ಎಂದು ನಿಯಮ. ಬೇರೆ ಓಣಿಗಳಲ್ಲಿ ಅವರು ಸಿಕ್ಕ ಜಗುಲಿಯ ಮೇಲೆ ಕುಳಿತು ಹೊತ್ತು ಕಳೆಯುತ್ತಿದ್ದರು. ಬಳೆಗಾರರ ಓಣಿಯಲ್ಲಿ ಮಾತ್ರ ದೇವೀರಮ್ಮನವರ ಹಜಾರವೇ ಆಗಬೇಕು. ಉಂಡು, ಕಂಬದ ಬುಡದಲ್ಲಿ ಟವೆಲ್ಲು ಹಾಸಿ, ಅಳತೆ ಟೇಪಿನ ದುಂಡು ಡಬ್ಬಿಯನ್ನು ತಲೆದೆಸೆಗಿಟ್ಟು ಮಲಗಿದರೆಂದರೆ ನಾಲ್ಕು ಗಂಟೆಯವರೆಗೆ ಗೊರಕೆ.

"ಏನಮ್ಮಾ ಇವತ್ತು?" ಎಂದು ಅವರು ಒಳಗೆ ಬರುವಾಗಲೇ ಕೇಳುತ್ತಿದ್ದರು.

"ಸೌತೆಕಾಯಿ ಮಜ್ಜಿಗೆಹುಳಿ. ಮೊದ್ಲು ಆ ಟೇಪು ಆಚೆ ಇಡಿ, ಎಲೆ ಮೇಲೆ ಬೀಳುತ್ತೆ."

"ಸರ್ಕಾರದ ಟೇಪು ಕಣಮ್ಮ ಇದು. ಎಲ್ಲಂದ್ರಲ್ಲಿ ಬೀಳಲ್ಲ."

"ಹೋದ ವಾರ ಸಾರಿನ ಪಾತ್ರೇಲಿ ಈಜ್ತಾ ಇತ್ತಲ್ಲ ನಿಮ್ಮ ಸರ್ಕಾರ?"

ಊಟಕ್ಕೆ ಕುಳಿತಾಗ ವೃಷಭೇಂದ್ರಪ್ಪನವರು ನನ್ನನ್ನು ನೋಡಿ ನಗುತ್ತಿದ್ದರು. "ನಿಮಗೇನಾದ್ರೂ ಈ ಮನೆ ಕೋಣೆ ಹಾಕ್ತು ಅನ್ನಿ, ಬಾಗಿಲಿಗೆ ಒಂದು ಮರ ಸಾಲಲ್ಲ, ಎರಡು ಕಡೀಬೇಕು" ಎನ್ನುತ್ತಿದ್ದರು. ಅವರೂ ಪರ ಊರಿನವರೇ, ಒಂಟಿ ಜೀವ. ಒಂದು ಗುರುವಾರ ಎಲೆ ಮಡಚುತ್ತ ತಮ್ಮ ಕಥೆಯನ್ನು ಎರಡೇ ಮಾತಿನಲ್ಲಿ ಮುಗಿಸಿದರು: "ಇಪ್ಪತ್ತೆರಡು ವರ್ಷ ನೌಕರಿ, ಇಪ್ಪತ್ನಾಲ್ಕು ಮನೆ. ಕಾಯಿದೆ ಬರೆದವರು ಸ್ವಂತ ಮನೆಯವರು, ಅಳೆಯೋನು ಬಾಡಿಗೆಯವನು." ದೇವೀರಮ್ಮನವರು ಅವರ ಲೋಟಕ್ಕೆ ಇನ್ನಷ್ಟು ಮಜ್ಜಿಗೆ ಸುರಿದರು.

ನಾನು ಬಂದ ಐದನೆಯ ತಿಂಗಳಲ್ಲಿ, ಒಂದು ಶುಕ್ರವಾರ ಬೆಳಿಗ್ಗೆ, ದೇವೀರಮ್ಮನವರು ಪೊರಕೆ ಹಿಡಿದು ಹಜಾರದ ನಡುವೆ ನಿಂತು ಮೂಗು ಅರಳಿಸಿದರು. "ಯಾರ ಮನೇಲಪ್ಪ ಈಗ ಸುಣ್ಣ ಹೊಡೀತಿರೋದು? ಹಬ್ಬವಿಲ್ಲ, ಹುಣ್ಣಿಮೆಯಿಲ್ಲ." ಓಣಿಯ ಯಾರ ಮನೆಯಲ್ಲಿಯೂ ಸುಣ್ಣ ಹೊಡೆಯುತ್ತಿರಲಿಲ್ಲ. ಭಾನುವಾರದ ಹೊತ್ತಿಗೆ ಹಜಾರದ ಉತ್ತರದ ಗೋಡೆಯ ಬುಡದಲ್ಲಿ, ನನ್ನ ಹಾಸಿಗೆಯಿಂದ ಎರಡು ಮಾರು ದೂರಕ್ಕೆ, ಹೊಸ್ತಿಲೊಂದು ಹಸುಗೂಸಿನ ವಸಡಿನಲ್ಲಿ ಮೂಡುವ ಹಲ್ಲಿನಂತೆ ಕಾಣಿಸಿಕೊಂಡಿತು.

ದೇವೀರಮ್ಮನವರು ಅದರ ಮುಂದೆ ಕುಕ್ಕರಿಸಿ ಕುಳಿತರು. ಬೆರಳಿನಿಂದ ಮುಟ್ಟಿ ನೋಡಿದರು. ಆಮೇಲೆ ನನ್ನ ಕಡೆಗೆ ತಿರುಗಿದರು.

"ಏನ್ ಮಾಡಿದ್ರಿ ನಮ್ಮನೆಗೆ?"

"ನಾನೇನೂ ಮಾಡಿಲ್ಲಮ್ಮ. ಐದು ತಿಂಗಳೂ ಪೂರ್ತಿ ಆಗಿಲ್ಲ."

"ಆ ಹಾಳು ಕಥೆಪುಸ್ತಕ ಗಟ್ಟಿಯಾಗಿ ಓದ್ತೀರಲ್ಲ, ಅದನ್ನ ಕೇಳಿಸ್ಕೊಂಡಿದೆ ಇದು! ಹನ್ನೆರಡು ತಿಂಗಳಿಗೆ ಮಾಡೋ ಕೆಲಸ ಐದಕ್ಕೇ ಮಾಡಿದೆ. ಬುದ್ಧಿ ಇಲ್ಲದ ಮನೆ!"

ನಾನು ಅಂದೇ ಊರು ಬಿಡುತ್ತೇನೆಂದೆ. ಚೀಲವನ್ನೂ ಎತ್ತಿಕೊಂಡೆ. "ಹೋಗ್ತೀರಿ, ಸರಿ. ಬಸುರಿ ಹೊಟ್ಟೇಲಿರೋದು ಗಂಡ ಊರು ಬಿಟ್ಟ ಅಂತ ವಾಪಸ್ಸು ಹೋಗುತ್ತಾ? ಕೂತ್ಕೊಳ್ಳಿ ಸುಮ್ನೆ" ಎಂದರು. ಆಮೇಲೆ ಎದ್ದು ಗಂಡನ ಕೋಣೆಗೆ ಹೋದರು. ಆ ದಿನ ಎರಡು ನಿಮಿಷಕ್ಕೆ ಹೊರಗೆ ಬರಲಿಲ್ಲ.

ಇಲ್ಲಿ ನಾನೊಂದು ಮಾತನ್ನು ಒಪ್ಪಿಕೊಳ್ಳಬೇಕು. ಆಕೆಯ ಸಂಕಟ ಕಣ್ಣೆದುರಿಗಿದ್ದರೂ ನನ್ನೊಳಗೆ ಒಂದು ಹಿಗ್ಗು ತುಂಬಿಕೊಂಡಿತ್ತು. ಮೂವತ್ತೊಂಬತ್ತು ವರ್ಷದ ನನ್ನ ಬಾಳಿನಲ್ಲಿ ಯಾವ ಊರೂ ನನ್ನನ್ನು ಇರು ಎಂದಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ. ಈಗ ಒಂದು ಮನೆ, ಕಾಯಿದೆಯನ್ನೂ ತನ್ನ ಹಳೆಯ ಪದ್ಧತಿಯನ್ನೂ ಮುರಿದು, ಐದೇ ತಿಂಗಳಿಗೆ ನನಗೆ ಜಾಗ ಮಾಡಿಕೊಡುತ್ತಿತ್ತು. ಹೊಲಿಗೆ ಯಂತ್ರ ಬಿಚ್ಚುವಾಗ ನನಗರಿವಿಲ್ಲದೆ ಶಿಳ್ಳೆ ಹಾಕುತ್ತಿದ್ದೆ. ದೇವೀರಮ್ಮನವರು ಬಂದೊಡನೆ ನಿಲ್ಲಿಸುತ್ತಿದ್ದೆ.

ಮುಂದಿನ ಗುರುವಾರ ಬೆಳಗಿನ ಅಳತೆಯಲ್ಲಿಯೇ ಹೊರಗೋಡೆ ಒಂದು ಗೇಣು ಓಣಿಗೆ ಬಂದಿತ್ತು. ವೃಷಭೇಂದ್ರಪ್ಪನವರು ಟೇಪನ್ನು ಮೂರು ಸಲ ಎಳೆದರು. ತಮ್ಮ ಅಳತೆಯೇ ತಪ್ಪಿರಬಹುದೆಂದು ಸಂಜೆಯವರೆಗೆ ಕಾದರು. ಅಂದು ಅರ್ಧ ಊಟವನ್ನು ಎಲೆಯಲ್ಲಿಯೇ ಬಿಟ್ಟರು, ಆದರೂ ಅಭ್ಯಾಸಬಲದಿಂದ ನಿದ್ದೆ ಬಂದಿತು. ಸಂಜೆಗೆ ಗೋಡೆ ಇನ್ನೂ ಎರಡು ಬೆರಳು ಮುಂದೆ ಬಂದಿತ್ತು. ಪಕ್ಕದ ಮನೆಯ ಪದ್ಮರಾಜಯ್ಯನವರು ತಮ್ಮ ಜಗುಲಿಯ ಮೇಲೆ ನಿಂತು ನೋಡುತ್ತಿದ್ದರು. ಅವರು ಓಣಿಯ ಹಿತರಕ್ಷಣಾ ಸಂಘದ ಅಧ್ಯಕ್ಷರು. ಅಡುಗೆಮನೆಯ ಕಿಟಕಿಯಿಂದ ಎಳೆಸಿಕೊಂಡ ಆ ಮದುವೆಯ ಗಂಡು ಅವರ ತಂದೆಯೇ ಆಗಿದ್ದುದರಿಂದ, ಈ ವಿಷಯದಲ್ಲಿ ಅವರು ಸಡಿಲ ಬಿಡುತ್ತಿರಲಿಲ್ಲ.

"ಬರೀರಿ ಗುಮಾಸ್ತರೇ" ಎಂದರು. "ಇವತ್ತು ಕೋಣೆ ಬಂತು. ನಾಳೆ ಅದಕ್ಕೊಂದು ಬಚ್ಚಲು ಬರುತ್ತೆ. ನಾಡಿದ್ದು ನನ್ನ ಮೊಮ್ಮಗಳ ದಿಬ್ಬಣ ಎಲ್ಲಿಂದ ಹೋಗಬೇಕು, ಸೂರಿನ ಮೇಲಿಂದಲಾ?"

"ಬರೀತೀನಿ ಸ್ವಾಮಿ. ಬರೆಯೋಕೇ ತಾನೇ ಸಂಬಳ" ಎಂದು ವೃಷಭೇಂದ್ರಪ್ಪನವರು ದಫ್ತರ ತೆರೆದರು. ಬರೆದು ಮುಗಿಸಿ, ದೇವೀರಮ್ಮನವರ ಮುಖ ನೋಡಲಾರದೆ, ಮರೆತ ಟವೆಲ್ಲನ್ನು ತೆಗೆದುಕೊಳ್ಳಲೂ ಬಾರದೆ ಹೊರಟುಹೋದರು. ಸೋಮವಾರ ಹತ್ತು ಗಂಟೆಗೆ ಪುರಸಭೆಯಲ್ಲಿ ತೀರ್ಮಾನ, ಮಧ್ಯಾಹ್ನಕ್ಕೆ ಕಲ್ಲು ಎಂದು ಶುಕ್ರವಾರವೇ ನೋಟೀಸು ಬಂದಿತು. ಶನಿವಾರ ಎತ್ತಿನ ಗಾಡಿಯಲ್ಲಿ ನಾಲ್ಕು ಚಪ್ಪಡಿ ತಂದು ಬಾಗಿಲ ಬಳಿ ಇಳಿಸಿದರು. ದೇವೀರಮ್ಮನವರು ಅವುಗಳನ್ನು ನೋಡಿ, "ಬಟ್ಟೆ ಒಗೆಯೋಕೆ ಚೆನ್ನಾಗಿವೆ" ಎಂದು ಗಾಡಿಯವನಿಗೆ ಕೇಳುವಂತೆ ಹೇಳಿ ಒಳಗೆ ಬಂದರು. ಒಳಗೆ ಬಂದ ಮೇಲೆ ಮಾತ್ರ ಗಂಡನ ಕೋಣೆಯ ಬಾಗಿಲು ಹಿಡಿದುಕೊಂಡರು.

"ಅವರ ಮುಖ ನನಗೆ ಸರಿಯಾಗಿ ನೆನಪಿಲ್ಲ" ಎಂದರು ನನ್ನ ಕಡೆಗೆ ನೋಡದೆ. "ಫೋಟೋ ತೆಗೆಸ್ಕೊಳ್ಳೋ ಜಾತಿಯಲ್ಲ ಅವರು. ಆ ಬಾಗಿಲಲ್ಲಿ ನಿಂತ್ರೆ ಮಾತ್ರ, ಹೀಗೆ ಇದ್ರು, ಇಷ್ಟು ಅಗಲ ಇದ್ರು ಅಂತ ಗೊತ್ತಾಗುತ್ತೆ. ಅದೂ ಹೋದ್ರೆ ಏನು ಗುಡಿಸಲಿ ನಾನು?"

ಸೋಮವಾರ ಬೆಳಿಗ್ಗೆ ಹಾಲಿನವನು ಬರುವ ಹೊತ್ತಿಗೆ ನನಗೆ ಎಚ್ಚರವಾಯಿತು. ಅದುವರೆಗೆ ತೋಳೆರಡೇ ನಿಂತಿದ್ದ ಬಾಗಿಲುವಾಡಕ್ಕೆ ಮೇಲಿನ ಪಟ್ಟಿ ಕೂಡಿಕೊಂಡಿತ್ತು. ಕೋಣೆಯೊಳಗೆ ಎಳೆಯ ಬೆಳಕು ಬಂದಿತ್ತು. ಕಲ್ಲು ಬೀಳುವ ಮೊದಲು ಒಮ್ಮೆಯಾದರೂ ನನ್ನ ಕೋಣೆಯನ್ನು ಹೊಕ್ಕು ನೋಡುತ್ತೇನೆಂದು, ತಲೆಯೆತ್ತಿ, ಒಡೆಯನಿಗೆ ತಕ್ಕ ಹೆಜ್ಜೆ ಹಾಕುತ್ತ ಹೋದೆ. ಪಟ್ಟಿ ನನ್ನ ಮೂಗಿಗೆ ಬಡಿಯಿತು.

ಮೂಗಿನಿಂದ ನೀರು ಬಂದಿತು. ಕಣ್ಣಿನಿಂದ ಬಂದದ್ದೂ ಅದೇ ಪೆಟ್ಟಿನದೆಂದು ಅಂದು ಅಂದುಕೊಂಡೆ. ಬಗ್ಗಿ ಒಳಗೆ ಹೋದೆ. ಗಿಳಿಗೂಟ ನನ್ನ ಎದೆಯ ಮಟ್ಟಕ್ಕಿತ್ತು. ಕಿಟಕಿಯಿಂದ ಹೊರಗೆ ನೋಡಲು ಮಂಡಿ ಮಡಿಸಬೇಕಾಗಿತ್ತು. ಒಂದು ಮೂಲೆಯಲ್ಲಿ ನೆಲದ ಮೇಲೆ ಟವೆಲ್ಲಿನಷ್ಟು ಅಗಲದ ಜಾಗ ವರ್ಷಗಟ್ಟಲೆ ಒಬ್ಬರು ಮಲಗಿ ಎದ್ದಂತೆ ನುಣುಪಾಗಿತ್ತು. ಅದರ ತಲೆಯ ಕಡೆ ಗೋಡೆಯಲ್ಲಿ ಒಂದು ದುಂಡನೆಯ ಪುಟ್ಟ ಗೂಡು. ಅಂಗೈಯಷ್ಟು ಅಗಲ, ಮೂರು ಬೆರಳು ಆಳ. ಅಷ್ಟು ದುಂಡಗೆ ಇರುವ ಏನನ್ನು ಒಬ್ಬ ಮನುಷ್ಯ ಮಲಗುವ ಮೊದಲು ತಲೆಯ ಬಳಿ ಇಟ್ಟುಕೊಳ್ಳುತ್ತಾನೆಂದು ನನಗೆ ತಿಳಿದಿತ್ತು. ಪ್ರತಿ ಗುರುವಾರ ನೋಡಿದ್ದೆ.

ಮನೆ ನನ್ನನ್ನು ಕರೆದಿರಲಿಲ್ಲ. ಎಂಟು ದಿನ ಶಿಳ್ಳೆ ಹಾಕಿದ್ದೆಲ್ಲ ಬೇರೆಯವರ ಮದುವೆಗೆ ಬಾಜಾ ಬಾರಿಸಿದಂತಾಗಿತ್ತು. ಆ ನುಣುಪು ನೆಲದ ಮೇಲೆ ಸ್ವಲ್ಪ ಹೊತ್ತು ಕುಳಿತೆ. ಬಾಯಿ ಮುಚ್ಚಿಕೊಂಡು ಬಸ್ಸು ಹತ್ತಿದರೆ, ಒಂದು ಊರಿನಲ್ಲಿ ನನ್ನ ಹೆಸರಿನ ಕೋಣೆಯೊಂದಿತ್ತು ಎಂದು ಸಾಯುವತನಕ ಹೇಳಿಕೊಳ್ಳಬಹುದಾಗಿತ್ತು. ಕಲ್ಲಿನ ಹಿಂದೆ ಯಾರು ಅಳೆದು ನೋಡುತ್ತಾರೆ? ಪಕ್ಕದ ಕೋಣೆಯಲ್ಲಿ ದೇವೀರಮ್ಮನವರು ಕಸ ಗುಡಿಸುವ ಸದ್ದು ಕೇಳಿಸಿತು. ದಿನಕ್ಕಿಂತ ನಿಧಾನವಾಗಿ ಗುಡಿಸುತ್ತಿದ್ದರು. ಎದ್ದೆ, ಸಾಕಷ್ಟು ಬಗ್ಗದೆ ಈ ಸಲ ಹಣೆ ಬಡಿಸಿಕೊಂಡು ಹೊರಗೆ ಬಂದೆ.

"ಅಮ್ಮಾ, ಪುರಸಭೆಗೆ ಹೋಗಿ ಒಂದೇ ಮಾತು ಕೇಳಿ. ಕಲ್ಲಿಡೋ ಮುಂಚೆ ಬಾಗಿಲಿಗೆ ತಲೆ ಕೊಡಿಸಿ ಅನ್ನಿ."

ಅವರು ನನ್ನ ಹಣೆಯ ಮೇಲಿನ ಬುಗುಟನ್ನು ನೋಡಿದರು. ಕೆಂಪಾದ ಮೂಗನ್ನು ನೋಡಿದರು. ನನ್ನ ಹಿಂದಿನ ಬಾಗಿಲನ್ನು ನೋಡಿದರು. ಪೊರಕೆಯನ್ನು ಅಲ್ಲಿಯೇ ಬಿಟ್ಟು, ಚಪ್ಪಲಿಯನ್ನೂ ಮೆಟ್ಟದೆ ಹೊರಟರು.

ತಲೆ ಕೊಡುವುದೆಂದರೆ, ಕೋಣೆ ಯಾರದೆಂದು ತಿಳಿಯಲು ಸಂಬಂಧಪಟ್ಟವರು ಬಾಗಿಲುವಾಡದ ಕೆಳಗೆ ನಿಲ್ಲುವುದು. ಕಾಯಿದೆಯಲ್ಲಿ ಅದಕ್ಕೊಂದು ಕಲಮು ಇದ್ದರೂ ಯಾರೂ ಬಳಸಿರಲಿಲ್ಲ, ಏಕೆಂದರೆ ಕೋಣೆ ಯಾರದೆಂಬ ಸಂದೇಹವೇ ಆ ಊರಿನಲ್ಲಿ ಎಂದೂ ಬಂದಿರಲಿಲ್ಲ. ಹನ್ನೊಂದು ಗಂಟೆಗೆ ಪುರಸಭೆಯ ಅಧ್ಯಕ್ಷೆ ಕೆಂಪಾಜಮ್ಮನವರು ಬಂದರು. ಮೊದಲು ಹಿಟ್ಟಿನ ಗಿರಣಿ ನಡೆಸುತ್ತಿದ್ದವರು. ಗಿರಣಿಯ ಸದ್ದನ್ನು ಮೀರಿ ಮಾತನಾಡಿ ಬಂದ ದನಿ ಇಳಿದೇ ಇರಲಿಲ್ಲ. ಹಿಂದೆ ದಫ್ತರ ಹಿಡಿದ ವೃಷಭೇಂದ್ರಪ್ಪನವರು, ಪದ್ಮರಾಜಯ್ಯನವರು, ಅವರ ಹಿಂದೆ ಅರ್ಧ ಓಣಿ.

"ಎಲ್ಲಿ ಬಾಡಿಗೆಯವ್ರು? ನಿಂತ್ಕೊಳ್ಳಪ್ಪ ಕೆಳಗೆ."

ನಾನು ಹೋಗಿ ನಿಂತೆ. ನಿಂತೆನೆನ್ನುವುದು ಸರಿಯಲ್ಲ, ಪಟ್ಟಿಯ ಕೆಳಗೆ ಕುತ್ತಿಗೆ ಮುರಿದ ಕೊಕ್ಕರೆಯಂತೆ ತೂಗಾಡಿದೆ. ಓಣಿ ನಕ್ಕಿತು.

"ಇದು ಇವನದಲ್ಲ!" ಎಂದರು ಕೆಂಪಾಜಮ್ಮನವರು. "ಗುಮಾಸ್ತರೇ, ಅಳೀರಿ. ಗಟ್ಟಿಯಾಗಿ ಓದಿ."

ವೃಷಭೇಂದ್ರಪ್ಪನವರು ಟೇಪಿನ ತುದಿಯನ್ನು ಹೊಸ್ತಿಲಿಗೆ ಒತ್ತಿ ಹಿಡಿದು ಮೇಲಕ್ಕೆ ಎಳೆದರು. ಎಷ್ಟೋ ಬಾಗಿಲಿಗೆ ಸ್ಟೂಲು ಹತ್ತಿ ಅಳೆಯುತ್ತಿದ್ದವರು ಅಂದು ಕೈ ಚಾಚಿದರಷ್ಟೇ, ಬೆರಳು ಪಟ್ಟಿಗೆ ತಾಗಿತು. "ಐದು ಅಡಿ… ಮೂರು ಅಂಗುಲ" ಎಂದರು. ಟೇಪನ್ನು ಸುತ್ತಲಿಲ್ಲ, ಬಿಡಲಿಲ್ಲ. ಹಿಡಿದಲ್ಲಿಯೇ ಹಿಡಿದುಕೊಂಡು ಕೋಣೆಯೊಳಗೆ ನೋಡುತ್ತ ನಿಂತರು. ಗಿಳಿಗೂಟವನ್ನು ನೋಡಿದರು, ಕಿಟಕಿಯನ್ನು ನೋಡಿದರು. ಅವರ ಕಣ್ಣು ತಲೆದೆಸೆಯ ಆ ದುಂಡು ಗೂಡಿನ ಮೇಲೆ ನಿಂತಿತು.

ಓಣಿಯವರು ಒಬ್ಬರನ್ನೊಬ್ಬರು ಅಳೆದು ನೋಡುತ್ತಿದ್ದರು. ಕೆಂಪಾಜಮ್ಮನವರು ಮಾತ್ರ ಗುಮಾಸ್ತರ ಬೆನ್ನನ್ನು ನೋಡುತ್ತಿದ್ದರು. ಅವರ ದನಿ ಮೊದಲ ಬಾರಿಗೆ ಇಳಿಯಿತು. "ವೃಷಭೇಂದ್ರಪ್ಪ, ಒಂಚೂರು ಆ ಹೊಸ್ತಿಲ ಮೇಲೆ ನಿಂತ್ಕೊಳ್ಳಿ."

ಅವರು ನಿಂತರು. ದೇವೀರಮ್ಮನವರು ಮುಂದೆ ಬಂದು ಅವರ ತಲೆಗೂ ಪಟ್ಟಿಗೂ ನಡುವೆ ಕೈಯನ್ನು ಅಡ್ಡವಾಗಿ ಇಟ್ಟರು. ನಾಲ್ಕು ಬೆರಳು ಕೂದಲೆಳೆಯಷ್ಟೂ ಆಚೀಚೆಯಾಗದೆ ಕುಳಿತುಕೊಂಡವು.

"ನಾನು ಇಲ್ಲಿ ಒಂದು ರಾತ್ರೀನೂ ಇದ್ದೋನಲ್ಲ!" ಎಂದು ವೃಷಭೇಂದ್ರಪ್ಪನವರು ಸಿಕ್ಕಿಬಿದ್ದ ಕಳ್ಳನಂತೆ ಹೊಸ್ತಿಲಿನಿಂದ ಕೆಳಗಿಳಿದರು.

"ಹಗಲು?" ಎಂದರು ಅಧ್ಯಕ್ಷೆ. "ಈ ಓಣಿ ನಿಮಗೆ ಬಂದು ಎಷ್ಟಾಯ್ತು? ದಫ್ತರದಲ್ಲಿ ಎಷ್ಟು ಗುರುವಾರ ಇದೆ, ಎಣಿಸಿ."

ಅವರು ಜಗುಲಿಯ ಮೇಲೆ ಕುಳಿತು ಎಣಿಸಿದರು. ಹಬ್ಬದ ದಿನವೂ, ಜ್ವರ ಬಂದ ದಿನವೂ ಒಂದು ಗುರುವಾರವನ್ನೂ ಅವರು ಬಿಟ್ಟಿರಲಿಲ್ಲ. ಏಳು ವರ್ಷ. "ಹೋದ ವಾರದ್ದು ಬಿಟ್ರೆ ಮುನ್ನೂರ ಅರವತ್ತೈದು" ಎಂದರು. ವಾರಕ್ಕೊಂದರಂತೆ ಒಂದು ವರ್ಷ. ಮನೆ ಅವಸರಪಟ್ಟಿರಲಿಲ್ಲ, ಪದ್ಧತಿ ಮೀರಿರಲಿಲ್ಲ. ಉಂಡು ಮಲಗಿದ ಒಂದೊಂದು ಹಗಲನ್ನೂ ಮರೆಯದೆ ಕೂಡಿಸಿಕೊಂಡು ಬಂದಿತ್ತು.

ಪದ್ಮರಾಜಯ್ಯನವರು ಗಂಟಲು ಸರಿಮಾಡಿಕೊಂಡರು. "ಯಾರದ್ದಾದ್ರೇನು ತಾಯಿ, ಕೋಣೆ ಕೋಣೆಯೇ. ಕಲ್ಲಿಡಬೇಕು."

"ಕಾಯಿದೆಯ ಮೊದಲನೇ ಸಾಲು ಓದ್ರಿ ಗುಮಾಸ್ತರೇ."

"'ಬಾಡಿಗೆ ಕೊಟ್ಟು ವಾಸಿಸುವ ಯಾವುದೇ ವ್ಯಕ್ತಿಗಾಗಿ ಮನೆಯು ಕೋಣೆ ಹಾಕಿದಲ್ಲಿ…'"

"ನೀವು ಬಾಡಿಗೆ ಕೊಟ್ಟಿದೀರಾ?"

"ಇಲ್ಲ ತಾಯಿ. ಮಜ್ಜಿಗೆ ಕುಡಿದಿದೀನಿ."

"ಮಧ್ಯಾಹ್ನ ಈ ಓಣೀಲೇ ಇರಬೇಕು ಅಂತ ಬರೆದಿದ್ದು ಯಾರು? ನಾವು. ನಾವೇ ಕಳಿಸಿ, ನಾವೇ ಕೂರಿಸಿ, ಈಗ ನಾವೇ ಕಲ್ಲಿಡೋದಾ? ಬಾಡಿಗೆ ಕೊಡದೆ ಇರೋರು ಬಾಡಿಗೆದಾರರಲ್ಲ. ಬರ್ಕೊಳ್ಳಿ, ಇದು ಪುರಸಭೆಯ ತೀರ್ಮಾನ. ಗಾಡಿಯವನಿಗೆ ಹೇಳಿ, ಚಪ್ಪಡಿ ಎತ್ಲಿ."

"ಮೂರು ಎತ್ಲಿ" ಎಂದರು ದೇವೀರಮ್ಮನವರು. "ಒಂದು ಬಟ್ಟೆ ಒಗೆಯೋಕೆ ಬೇಕು."

ಪದ್ಮರಾಜಯ್ಯನವರು ಇನ್ನೂ ಸೋತಿರಲಿಲ್ಲ. "ಬಾಡಿಗೆದಾರರಲ್ಲ ಅಂದ್ರೆ ಈ ಮನೆಗೆ ಅವರು ಏನಾಗ್ಬೇಕು? ದಫ್ತರದಲ್ಲಿ ಏನು ಅಂತ ಬರೀತೀರಿ?"

"ಅಣ್ಣ ಅಂತ ಬರ್ಕೊಳ್ಳಿ" ಎಂದು ದೇವೀರಮ್ಮನವರು ಥಟ್ಟನೆ ಹೇಳಿದರು. "ಏಳು ವರ್ಷ ಎಲೆ ಹಾಕಿದೀನಿ. ನಮ್ಮ ತವರಿನ ಅಣ್ಣ ಏಳು ಸಲ ಬಂದಿಲ್ಲ."

ವೃಷಭೇಂದ್ರಪ್ಪನವರು ಬರೆದರು. ಇಪ್ಪತ್ತೆರಡು ವರ್ಷ ಊರಿನ ಅಳತೆಯನ್ನೆಲ್ಲ ಮುತ್ತಿನಂತೆ ಬರೆದ ಕೈ ಆ ಎರಡಕ್ಷರಕ್ಕೆ ಎರಡು ಸಲ ಶಾಯಿ ಚೆಲ್ಲಿತು. ಆಮೇಲೆ ಮೆಲ್ಲಗೆ, "ತಿಂಗಳಿಗೆ ಏನಾದ್ರೂ…" ಎಂದು ಶುರುಮಾಡಿದರು.

"ಬಾಡಿಗೆ ಅಂತ ಬಾಯಿ ಬಿಟ್ಟೀರಿ, ಜೋಕೆ! ಹನ್ನೊಂದು ತಿಂಗಳಿಗೆ ಆಚೆ ಕಳಿಸ್ಬೇಕಾಗುತ್ತೆ."

ಇಪ್ಪತ್ನಾಲ್ಕು ಮನೆಗಳನ್ನು ಸುತ್ತಿದ ಸಾಮಾನು ಅಂದು ಸಂಜೆ ಒಂದು ತಳ್ಳುಗಾಡಿಯಲ್ಲಿ ಬಂದಿತು. ಗಾಡಿ ತುಂಬಿರಲಿಲ್ಲ. ಟೇಪು ಗೂಡಿನೊಳಗೆ ಕುಳಿತಾಗ ಡಬ್ಬಿಗೆ ಮುಚ್ಚಳ ಹಾಕಿದ ಸದ್ದಾಯಿತು. ನಾನು ಹಜಾರದಲ್ಲಿ ಕುಳಿತು ಯಂತ್ರವೊಂದಕ್ಕೆ ಎಣ್ಣೆ ಬಿಡುತ್ತಿದ್ದೆ. ಹೊಟ್ಟೆಕಿಚ್ಚು ಪಡಲಿಲ್ಲವೆಂದರೆ ಸುಳ್ಳಾದೀತು. ಆದರೆ ಮರುದಿನ ಬೆಳಿಗ್ಗೆ ಅಗಲ ಬಾಗಿಲಿನ ಕೋಣೆಯಿಂದ ಪೊರಕೆಯ ಸದ್ದು ಎಂದಿನ ವೇಗದಲ್ಲಿ ಬಂದಾಗ, ನನ್ನ ಹಣೆಯ ಬುಗುಟು ವ್ಯರ್ಥವಾಗಲಿಲ್ಲವೆನಿಸಿತು.

ಉಳಿದ ಆರು ತಿಂಗಳು ಸರಿದುಹೋದವು. ಹೊರಡುವ ದಿನ ಬೆಳಿಗ್ಗೆ ಮಾತಿನಂತೆ ಕಾಫಿ ಕುಡಿದು ಚೀಲ ಎತ್ತಿದೆ. ದೇವೀರಮ್ಮನವರು ಲೋಟವನ್ನು ತೊಳೆದದ್ದನ್ನೇ ತೊಳೆಯುತ್ತಿದ್ದರು. ಹೊರಗೆ ವೃಷಭೇಂದ್ರಪ್ಪನವರು ಬೆಳಗಿನ ಅಳತೆ ಹಿಡಿದಿದ್ದರು. ಟೇಪಿನಿಂದ ಕಣ್ಣೆತ್ತದೆ, ಗೋಡೆಗೆ ಹೇಳುವಂತೆ ಹೇಳಿದರು:

"ಮುನ್ನೂರ ಮೂವತ್ತನಾಲ್ಕು ದಿನ ಆಯ್ತು ನಿಮ್ಮದು. ಬಾಡಿಗೆ ಇವತ್ತಿಗೆ ಮುಗೀತು. ಊಟಕ್ಕೆ ಬರೋ ನೆಂಟರನ್ನ ಅಳೀಬೇಕು ಅಂತ ಯಾವ ಕಲಮಿನಲ್ಲೂ ಇಲ್ಲ. ಇನ್ನು ಮೂವತ್ತೊಂದು ಬೇಕು. ಗುರುವಾರ ಬಿಡುವಿರುತ್ತಾ ನಿಮಗೆ?"

ಬಸ್ ನಿಲ್ದಾಣದ ದಾರಿ ಎಡಕ್ಕಿತ್ತು. ನಾನು ಬಲಕ್ಕೆ ತಿರುಗಿ, ಗಾಣಿಗರ ಓಣಿಯಲ್ಲಿ ತಗಡು ಹೊಡೆದ ಇನ್ನೊಂದು ಮನೆ ಹುಡುಕಿಕೊಂಡೆ. ಅಲ್ಲಿ ನಾನು ಗೋಡೆಗೆ ಒರಗುವುದಿಲ್ಲ, ಗಟ್ಟಿಯಾಗಿ ಓದುವುದಿಲ್ಲ. ಗುರುವಾರ ಬಂದರೆ ಮಾತ್ರ ಯಂತ್ರ ಬಿಚ್ಚಿದ್ದರೂ ಬಿಚ್ಚಿದಂತೆಯೇ ಬಿಟ್ಟು ಬಳೆಗಾರರ ಓಣಿಗೆ ಬರುತ್ತೇನೆ. ಪದ್ಮರಾಜಯ್ಯನವರು ಜಗುಲಿಯಿಂದ, "ಏನ್ ಸ್ವಾಮಿ, ಎಷ್ಟನೇದು?" ಎಂದು ಕೇಳುತ್ತಾರೆ. ಹೇಳುತ್ತೇನೆ. "ಕೋಣೆ ಹಿತ್ತಲ ಕಡೆ ಹಾಕೋಕೆ ಹೇಳ್ರೀ ಆ ಮನೆಗೆ" ಎನ್ನುತ್ತಾರೆ. ದೇವೀರಮ್ಮನವರು ಹಿತ್ತಲ ಕಡೆಯ ಗೋಡೆಯ ಬಳಿಯೇ ನನ್ನ ಎಲೆ ಹಾಕುತ್ತಾರೆ. ಅಷ್ಟರಮಟ್ಟಿಗೆ ಅವರ ಮಾತಿಗೆ ಬೆಲೆ ಕೊಟ್ಟಿದ್ದೇವೆ.

ಇವತ್ತು ಮೂವತ್ತೊಂದನೆಯದು. ಮಜ್ಜಿಗೆಹುಳಿಗೆ ಬೂದುಗುಂಬಳ ಬಿದ್ದಿತ್ತು, ಎರಡು ಸಲ ಬಡಿಸಿಕೊಂಡೆ. ಹಿತ್ತಲಿನ ನುಗ್ಗೆಮರದ ಒಂದು ಕೊಂಬೆಯನ್ನು, ಬಾಗಿಲಿನ ಎತ್ತರಕ್ಕೆ ಅಡ್ಡಬಂದೀತೆಂದು, ವೃಷಭೇಂದ್ರಪ್ಪನವರು ಬೆಳಿಗ್ಗೆಯೇ ಕಡಿಸಿದ್ದಾರೆ. ಬಸ್ಸಿನ ಮೇಲೆ, ಸಂತೆಯ ಗದ್ದಲದಲ್ಲಿ, ನಿಲ್ದಾಣದ ಕಲ್ಲುಬೆಂಚಿನ ಮೇಲೆ ತಲೆಯಿಟ್ಟ ಕೂಡಲೇ ನಿದ್ದೆ ಹೋಗುತ್ತಿದ್ದ ನಾನು, ಈ ತಂಪು ನೆಲದ ಮೇಲೆ ಒಂದು ಗಂಟೆಯಿಂದ ಹೊರಳಾಡುತ್ತಿದ್ದೇನೆ.

"ಕಣ್ಣು ಮುಚ್ಚಿ!" ಎಂದು ದೇವೀರಮ್ಮನವರು ಅಡುಗೆಮನೆಯಿಂದ ಗದರುತ್ತಾರೆ. "ಎಚ್ಚರ ಇದ್ರೆ ಮನೆ ಲೆಕ್ಕಕ್ಕೆ ಹಿಡಿಯಲ್ಲ."

"ಬೈಬೇಡಮ್ಮಾ, ಬರೋ ನಿದ್ದೇನೂ ಹೋಗುತ್ತೆ" ಎಂದು ಗಿಡ್ಡ ಬಾಗಿಲ ಕೋಣೆಯಿಂದ ಅವರ ಅಣ್ಣ.

ಊಟವಾಗಿದೆ. ನಿದ್ದೆಯೊಂದೇ ಬಾಕಿ.